ಮಣ್ಣೊಂದು ಬಿಟ್ಟು

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಪ್ರಬಂಧದ ನಡುವೆ ಬೆರಳಿಟ್ಟು ತೆರೆದು, "ಈ ರಾಜಿ ಗೆದ್ದಿದೆ ಅಂತೀರಾ?" ಎಂದು ಕೇಳಿದರು. ಗೆದ್ದಿದೆ ಸಾರ್ ಅಂದೆ. ಆಮೇಲೆ ಒಂದೂ ಹೊಡೆದಾಟ ಆಗಿಲ್ಲವೇ ಅಂದರು. ಒಂದೂ ಇಲ್ಲ ಅಂದೆ. ಅವರು ಕನ್ನಡಕ ತೆಗೆದು ಪಕ್ಕದವರ ಕಡೆ ತಿರುಗಿ, ಹಳ್ಳಿಯ ಜನ ತಾವೇ ಕಟ್ಟಿಕೊಂಡ ಇಂಥ ಗಟ್ಟಿಯಾದ ಶಾಂತಿ ತಮಗೆ ಬೇರೆಲ್ಲೂ ಕಂಡಿಲ್ಲ ಎಂದರು. ಚಹಾ ಬಂತು, ಬಿಸ್ಕೀಟು ಬಂತು. ನನಗೆ ಮಾತ್ರ ಆ ದಪ್ಪ ಪ್ರಬಂಧವನ್ನು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸುತ್ತಿತ್ತು. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಜಗಳ ಬಿಡಿಸುವ ವಿದ್ಯೆಯಲ್ಲಿ ಡಾಕ್ಟರೇಟು ತೆಗೆದುಕೊಂಡು ಹಿಂಗ ಉರಿದುಬೀಳ್ತೀರಲ್ಲ ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಹಂಗಿಸಲಿ ಬಿಡಿ.

ಆ ಅಧ್ಯಾಯದಲ್ಲಿ 'ಮೇಲಿನ ಊರು' ಎಂದು ಬರೆದದ್ದು ನನ್ನೂರು. 'ಕೆಳಗಿನ ಊರು' ಎಂದು ಬರೆದದ್ದು ನನ್ನ ಅಕ್ಕನನ್ನು ಕೊಟ್ಟ ಊರು. 'ಮಧ್ಯಸ್ಥ' ಎಂದು ಬರೆದದ್ದು ನನ್ನ ಅಪ್ಪ. ಅವ್ವ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ, ಅಡಿಟಿಪ್ಪಣಿಯಲ್ಲಿಯೂ ಇಲ್ಲ. ಪರೀಕ್ಷಕರು ಕೇಳಿದ್ದರೆ ಹೇಳುತ್ತಿದ್ದೆನೇನೋ. ಅವರು ಕೇಳಲಿಲ್ಲ, ಬಿಸ್ಕೀಟು ತಿಂದರು.

ಎರಡೂ ಊರು ಕಂಪ್ಲಿ ಕಡೆಯವು, ಒಂದೇ ಉಪಕಾಲುವೆಯ ಮೇಲಿನವು. ನಮಗೆ ನೀರು ಮೊದಲು ಸಿಗುತ್ತದೆ, ಅವರಿಗೆ ಕೊನೆಗೆ. ಡ್ಯಾಮಿನ ನೀರು ಬರುವ ಮುಂಚೆ ಎರಡೂ ಊರಿನವರು ಜೋಳ, ಸಜ್ಜೆ ಬೆಳೆದುಕೊಂಡು ಒಂದೇ ತರಹ ಬಡವರಾಗಿದ್ದರಂತೆ. ಹೆಣ್ಣು ಕೊಡುವುದು ತರುವುದು ಆಗಿನಿಂದಲೂ ಇತ್ತು. ನೀರು ಬಂದ ಮೇಲೆ ನಮ್ಮವರು ನೆಲ್ಲು ಹಚ್ಚಿದರು, ಆಮೇಲೆ ಬಾಳೆ ಹಾಕಿದರು, ಅದೂ ಸಾಲದೆ ಕಬ್ಬು ಹಾಕಿದರು. ಊರ ಹೊರಗೆ ರೈಸ್ ಮಿಲ್ಲು ಬಂತು, ಮಿಲ್ಲಿಗೆ ಸೈರನ್ನು ಬಂತು, ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಕೆಳಗಿನ ಊರಿಗೆ ಬಂದದ್ದು ನಾವು ಬಿಟ್ಟಷ್ಟು ನೀರು. ನಮ್ಮವರೇ ಆದರೂ ಹೇಳುತ್ತೇನೆ, ಬಿಡುವುದರಲ್ಲಿ ಅವರು ಭಾರೀ ಜಿಪುಣರು.

ಅಕ್ಕನ ಮದುವೆ ಬೇಸಿಗೆಯಲ್ಲಿ ಆಯಿತು. ನಾನು ಆಗ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆಗೆ ಸೇರಿದ್ದೆ, ವಿಷಯ ಇನ್ನೂ ಗಟ್ಟಿಯಾಗಿರಲಿಲ್ಲ. ಮುಂಗಾರಿನ ನಾಟಿ ಹೊತ್ತಿಗೆ ಊರಿಗೆ ಬಂದರೆ ಊರ ತುಂಬ ಪೊಲೀಸರು. ಕೆಳಗಿನ ಊರಿನ ಹುಡುಗರು ಬಂದು ನಮ್ಮ ತೂಬಿಗೆ ಅಡ್ಡಲಾಗಿ ಕಲ್ಲು, ಮಣ್ಣು ತುಂಬಿದ್ದರು. ನಮ್ಮವರು ಸಲಿಕೆ, ಗುದ್ದಲಿ ಹಿಡಿದು ಹೋಗಿದ್ದರು. ಅವರ ಕಡೆಯ ಒಬ್ಬನ ಕಾಲು ಮುರಿದಿತ್ತು, ನಮ್ಮ ಕಡೆಯ ಒಬ್ಬನ ತಲೆ ಒಡೆದಿತ್ತು. ಎರಡೂ ಊರಿನ ಗಂಡಸರು ಹೊಸಪೇಟೆ ಕೋರ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿ, ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

ನನ್ನ ಅಪ್ಪ ಸುತ್ತಲಿನ ಊರುಗಳಿಗೆ ನ್ಯಾಯ ಹೇಳುವ ಮನುಷ್ಯ. ಪಾಪಿನಾಯಕನಹಳ್ಳಿ, ಗಾದಿಗನೂರು ಕಡೆಯಿಂದಲೂ ಕರೆಯಲು ಬರುತ್ತಿದ್ದರು. ಓದಿದ್ದು ಕಡಿಮೆ, ಮಾತೂ ಕಡಿಮೆ. ಅವರದೊಂದು ರೂಢಿ ಇತ್ತು. ತಕರಾರು ತಂದವನಿಗೆ, "ನಿಂದು ಆಮೇಲೆ ಹೇಳು, ಮೊದಲು ಅವಂದು ಏನಂತ ನೀನ ಹೇಳು" ಅನ್ನುತ್ತಿದ್ದರು. ಎದುರಿನವನ ದೂರನ್ನು ಅವನಿಗೇ ಒಪ್ಪಿಗೆಯಾಗುವಂತೆ ಹೇಳುವ ತನಕ ತನ್ನ ದೂರು ಬಾಯಿ ಬಿಡುವ ಹಾಗಿಲ್ಲ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು. ಇದನ್ನು ನನ್ನ ಮಾರ್ಗದರ್ಶಕರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ರೀ, ಮನೆಯಲ್ಲೇ ಇಟ್ಟುಕೊಂಡು ವಿಷಯ ಹುಡುಕ್ತಿದ್ದೀರಲ್ಲ!" ಅಂದರು. ನನಗೂ ಹೆಮ್ಮೆಯೇ ಆಯಿತು. ಹಾಗೆ ನನ್ನ ವಿಷಯ ಗಟ್ಟಿಯಾಯಿತು.

ಎರಡೂರಿನ ನಡುವೆ ಕಾಲುವೆ ಏರಿಯ ಪಕ್ಕ ಒಂದು ಹನುಮಪ್ಪನ ಗುಡಿ, ಗುಡಿಯ ಮುಂದೆ ಎತ್ತರದ ಕಲ್ಲುಕಟ್ಟೆ. ಠಾಣೆಯ ಸಾಹೇಬರು ಎರಡೂ ಊರಿನವರನ್ನು ಅಲ್ಲಿಗೆ ಕರೆಸಿ, ಇವತ್ತು ಒಂದು ತೀರ್ಮಾನ ಆಗದಿದ್ದರೆ ಎಲ್ಲರನ್ನೂ ಎತ್ತಿಹಾಕಿಕೊಂಡು ಹೋಗುತ್ತೇನೆ ಎಂದು ಹೆದರಿಸಿ ಜೀಪಿನಲ್ಲಿ ಕೂತರು. ಅಪ್ಪ ಕಟ್ಟೆಯ ಮೇಲೆ ಕೂತರು. ಅವರೆದುರಿಗೆ ಕೆಳಗಿನ ಊರಿನ ಹಿರಿಯರು, ಬಿಳಿ ಮೀಸೆಯ ಗಂಭೀರ ಮುದುಕ. ನಾನು ಕೆಳಗೆ ನೆಲದ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ನೀರಿನ ಮಾತು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಹಗಲು ಹೊತ್ತಿನ ನೀರು ನಮಗೆ, ರಾತ್ರಿಯದು ಪೂರ್ತಿ ಅವರಿಗೆ, ರಾತ್ರಿ ನಮ್ಮ ತೂಬಿಗೆ ಬೀಗ, ಬೀಗದ ಕೈ ಅವರ ಕಡೆ.

ಎಲ್ಲರೂ ಏಳಬೇಕು ಅನ್ನುವಾಗ ಅಪ್ಪ ಅಂದರು, "ಕುಂದರ್ರಿ. ನೀರಿನ ಮಾತು ಆತು. ಹಿಂದನೂ ಎರಡು ಸಲ ಆಗಿತ್ತು, ಮುರೀತು. ಯಾಕ ಮುರೀತು? ಬೀಗರ ಬಾಯಿಂದ ಮುರೀತು. ಇಲ್ಲಿ ಯಾರೋ ಒಂದು ಬೈತಾನ, ಹಬ್ಬಕ್ಕ ಬಂದ ಹೆಣ್ಣುಮಗಳು ಅದನ್ನ ಕೇಳಿಸ್ಕೊಂಡು ಅಲ್ಲಿ ಹೇಳ್ತಾಳ, ಅಲ್ಲಿಂದ ಎರಡಾಗಿ ಬರತೈತಿ. ಈ ಬೆಳಿ ಮನಿಗೆ ಬರೋತನ ಹೋಗೋದು ಬರೋದು ಬಂದ್ ಇಡೋಣು. ಮಣ್ಣೊಂದು ಬಿಟ್ಟು."

ಮಣ್ಣಿಗೆ ಹೋಗುವುದೆಂದರೆ ನಮ್ಮ ಕಡೆ ಸತ್ತವರ ಮನೆಗೆ, ಮಣ್ಣು ಕೊಡಲು ಹೋಗುವುದು. ಎಂಥ ಹಗೆತನ ಇದ್ದರೂ ಅದನ್ನು ತಡೆಯುವ ಪದ್ಧತಿ ಇಲ್ಲ. ಉಳಿದದ್ದಕ್ಕೆಲ್ಲ ತಡೆ: ಹಬ್ಬ, ಮದುವೆ, ಬಾಣಂತನ, ಸುಮ್ಮನೆ ಮಾತಾಡಿಸಿಕೊಂಡು ಬರುವುದು.

ಕೆಳಗಿನ ಊರಿನ ಹುಡುಗರು ಗೊಣಗಿದರು. ಆಮೇಲೆ ಬಿಳಿ ಮೀಸೆಯ ಹಿರಿಯರು ಮೆಲ್ಲಗೆ, "ಯಜಮಾನ್ರ, ನಿಮ್ಮ ಮಗಳು ನಮ್ಮೂರಾಗ ಅದಾಳಲ್ರೀ?" ಎಂದು ಕೇಳಿದರು.

"ಅದಾಳ್ರಿ. ಆಕಿಗೂ ಅಷ್ಟ."

ಆ ಮುದುಕ ಕೂತಲ್ಲಿಂದಲೇ ಎರಡೂ ಕೈ ಎತ್ತಿ ಅಪ್ಪನಿಗೆ ಮುಗಿದರು. ಅವರ ಊರಿನ ಹುಡುಗರು, ಅಲ್ಲಿಯ ತನಕ ಗೊಣಗುತ್ತಿದ್ದವರು, ಸುಮ್ಮನಾದರು. ತನ್ನ ಮಗಳ ಬರುವಿಕೆಯನ್ನೇ ಮೊದಲು ಬಿಟ್ಟವನ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ? ಪ್ರಬಂಧದಲ್ಲಿ ಈ ಗಳಿಗೆಯ ಮೇಲೆ ನಾನು ಪುಟಗಟ್ಟಲೆ ಬರೆದಿದ್ದೇನೆ. ಮಧ್ಯಸ್ಥ ಎರಡೂ ಕಡೆಯವರ ನಂಬಿಕೆ ಪಡೆಯುವುದು ತಾನು ಕಳೆದುಕೊಳ್ಳುವುದರಿಂದ ಎಂದೆಲ್ಲ. ಸರಿಯಾಗೇ ಬರೆದಿದ್ದೇನೆ, ತಪ್ಪೇನಿಲ್ಲ.

ಮನೆಗೆ ಬಂದಾಗ ಅವ್ವ ಉಂಡೆ ಕಟ್ಟಲು ಎಳ್ಳು ಹುರಿಯುತ್ತಿದ್ದಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ಮದುವೆಯಾದ ಮಗಳನ್ನು ಪಂಚಮಿಗೆ ತವರಿಗೆ ಕರೆದುಕೊಂಡು ಬರಬೇಕು, ಅದರಲ್ಲೂ ಮೊದಲನೇ ವರ್ಷ ತಪ್ಪಿಸುವ ಹಾಗೇ ಇಲ್ಲ. ಕರೆಯಲು ಹೋಗಬೇಕಾದವನು ತಮ್ಮ, ಅಂದರೆ ನಾನು. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಹಗ್ಗ ಆಗಲೇ ಕಟ್ಟಿಯಾಗಿತ್ತು. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನೀವ ಹೇಳಿ ಬಂದ್ರ್ಯಾ?" ಅಂದಳು ಅವ್ವ. "ಅವರು ಕೇಳಿದ್ದಲ್ಲ, ಸಾಹೇಬ ಹೇಳಿದ್ದಲ್ಲ, ನೀವಾಗೇ?"

"ಒಂದು ಬೆಳಿ. ಸುಗ್ಗಿ ಆದಮ್ಯಾಲ ಕರಕೊಂಡು ಬರೂಣು."

ಅವ್ವ ಒಲೆ ಆರಿಸಿದಳು. ಹುರಿದ ಎಳ್ಳು ಬಾಣಲೆಯಲ್ಲೇ ಉಳಿಯಿತು. ಜೋಕಾಲಿ ಬಿಚ್ಚಲು ಹೋದ ನನ್ನನ್ನು ಗದರಿಸಿ, "ಇರಲಿ ಬಿಡು ಅದು. ಸುಗ್ಗಿಗೆ ಬರ್ತಾಳಂತಲ್ಲ, ಆವಾಗ ಆಡ್ತಾಳ" ಅಂದಳು.

ಸುಗ್ಗಿ ಆಯಿತು. ಎರಡೂ ಊರಿನಲ್ಲಿ ಚೆನ್ನಾಗಿಯೇ ಆಯಿತು. ಕೆಳಗಿನ ಊರಿನವರು ಎಷ್ಟೋ ವರ್ಷದ ಮೇಲೆ ಹೊಲದ ತುದಿಯ ತನಕ ನೆಲ್ಲು ಕೊಯ್ದರು, ಅವರ ಚಕ್ಕಡಿಗಳು ನಮ್ಮೂರಿನ ಮಿಲ್ಲಿಗೇ ಬಂದವು. ಚೀಲ ಇಳಿಸಿ, ಎದುರಿಗೆ ಸಿಕ್ಕವರಿಗೆ ತಲೆ ಅಲ್ಲಾಡಿಸಿ, ಒಂದು ಮಾತೂ ಆಡದೆ ಹೋಗುತ್ತಿದ್ದರು. ಕೋರ್ಟಿನ ಕೇಸು ಎರಡೂ ಕಡೆಯವರು ಹಿಂತೆಗೆದುಕೊಂಡರು. ಅವ್ವ ಅಕ್ಕನಿಗೆಂದು ಹಸಿರು ಸೀರೆ ತರಿಸಿಟ್ಟು ಕಾದಳು.

ತಡೆ ಮಾತ್ರ ಹಾಗೇ ಇತ್ತು. ಯಾಕೆ ಅಂದರೆ, ಬಂದ್ ತೆಗೆಯಬೇಕಾದರೆ ಮತ್ತೆ ಕಟ್ಟೆಯ ಮೇಲೆ ಕೂರಬೇಕು. ಕೂರಬೇಕಾದರೆ ಒಬ್ಬರು ಇನ್ನೊಬ್ಬರನ್ನು ಕರೆಯಬೇಕು. ನಮ್ಮ ಸೀಮೆಯಲ್ಲಿ ಜಗಳವಾಡಿದವರು ನ್ಯಾಯಕ್ಕೆ ಕರೆಯುವುದೆಂದರೆ ಎಲೆಅಡಿಕೆ ಹಿಡಿದುಕೊಂಡು ಎದುರಿನವರ ಊರಿಗೆ ಹೋಗುವುದು, ಎಲೆಅಡಿಕೆ ಹಿಡಿದು ಹೋದವನು ತಪ್ಪು ಒಪ್ಪಿಕೊಂಡ ಹಾಗೆ. ಹಿಂದಿನ ಸಲ ಕರೆದವರು ಪೊಲೀಸರು, ಹಾಗಾಗಿ ಯಾರಿಗೂ ಎಲೆ ಹಿಡಿಯುವ ಪ್ರಸಂಗ ಬಂದಿರಲಿಲ್ಲ. ಬಂದ್ ಇಡುವಾಗ ತೆಗೆಯುವುದು ಯಾರು ಎಂದು ಯಾರೂ ಕೇಳಿರಲಿಲ್ಲ. ಅಷ್ಟು ಬುದ್ಧಿವಂತರು ಸೇರಿದ್ದರಲ್ಲ, ಒಬ್ಬನಿಗಾದರೂ ಹೊಳೆಯಬಾರದಿತ್ತೇ!

ನಾನು ಕೆಳಗಿನ ಊರಿನ ಹಿರಿಯರ ಹತ್ತಿರ ಹೋದೆ. ಓದುವ ಹುಡುಗ, ಬರೆದುಕೊಳ್ಳಲು ಬಂದಿದ್ದಾನೆ ಎಂದು ನನಗೆ ರಿಯಾಯಿತಿ ಇತ್ತು. ಹೊರಗಿನ ಜಗಲಿಯ ತನಕ ಮಾತ್ರ, ಅಕ್ಕನ ಮನೆಯ ಓಣಿಗೆ ಇಲ್ಲ. ಹಿರಿಯರು ಮಜ್ಜಿಗೆ ಕೊಟ್ಟರು. "ನಮಗ ಸಂತೋಷನ ಐತಿ ತಮ್ಮಾ. ನಿಮ್ಮಪ್ಪ ದೊಡ್ಡ ಮನಷ್ಯಾ. ಎಲಿ ಅಡಿಕಿ ತಗೊಂಡು ಬರಲಿ, ಅವತ್ತ ತೆಗೀತೀವಿ" ಅಂದರು. ಅಪ್ಪನಿಗೆ ಬಂದು ಹೇಳಿದೆ. ಅಪ್ಪ, "ಅವರು ತರಲಿ" ಅಂದರು. ಠಾಣೆಗೆ ಹೋಗಿ ಹೊಸದಾಗಿ ಬಂದಿದ್ದ ಸಾಹೇಬರ ಮುಂದೆ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜಗಳ ಇಲ್ಲದ ಊರಿಗೆ ನಾ ಬಂದು ಏನ್ ಮಾಡ್ಲಿ? ಹೊಡದಾಡ್ರಿ, ಬರ್ತೀನಿ" ಅಂದು ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಸೈಕಲ್ಲನ್ನು ಒದ್ದೆ, ಕಾಲಿಗೇ ಪೆಟ್ಟಾಯಿತು.

ಬೇರೆಲ್ಲಾದರೂ ಭೇಟಿಯಾಗಬಹುದಿತ್ತಲ್ಲ ಎಂದು ನನ್ನ ಮಾರ್ಗದರ್ಶಕರು ಕೇಳಿದರು. ಅದನ್ನೂ ಮಾಡಿದ್ದೆವು. ಒಂದು ಸೋಮವಾರ ಅವ್ವನನ್ನು ಹಂಪಿಗೆ ಕರೆದುಕೊಂಡು ಹೋದೆ. ಅಕ್ಕ ಅತ್ತೆಯ ಜೊತೆ ದೇವರ ದರ್ಶನಕ್ಕೆಂದು ಬಂದಿದ್ದಳು. ಗುಡಿಯ ಹಿಂದೆ ಹೊಳೆಯ ಕಡೆ ಇಳಿಯುವ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ನಾನು ಮತ್ತು ಅಕ್ಕನ ಅತ್ತೆ ದೂರ ನಿಂತೆವು. ಅವ್ವ ಅಕ್ಕನ ಕೈ ಹಿಡಿದು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದದ್ದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅಲ್ಲಿ ಬಾಳೆಹಣ್ಣು ಮಾರಲು ಬಂದಿದ್ದ ಯಾರೋ ನೋಡಿ ಊರಿಗೆ ಮುಟ್ಟಿಸಿದರು. ಕೆಳಗಿನ ಊರಿನವರು ಬೈಯಲಿಲ್ಲ, ಹೊಡೆಯಲಿಲ್ಲ. ನಮ್ಮ ಬೀಗರ ಹೊಲದ ನೀರಿನ ಸರದಿ ಬಂದ ರಾತ್ರಿ ಅವರನ್ನು ದಾಟಿ ಮುಂದಿನ ಹೊಲಕ್ಕೆ ನೀರು ತಿರುಗಿಸಿದರು. ಸಸಿ ಒಣಗಿತು. ಅಕ್ಕನ ಅತ್ತೆ ಮತ್ತೆ ಹಂಪಿಯ ಹೆಸರು ಎತ್ತಲಿಲ್ಲ.

ಆ ಹೊಲ ಒಣಗಿದ ಮೇಲೆ ಭಾವ ಸಂಡೂರಿನ ಕಡೆ ಗಣಿ ಕೆಲಸಕ್ಕೆ ಹೋದರು. ಅಲ್ಲಿಗೂ ಹೋಗಿ ಕಂಡೆ. ದೋಣಿಮಲೈ ರಸ್ತೆಯ ಚಹಾ ಅಂಗಡಿಯಲ್ಲಿ ಕೂತಿದ್ದರು, ಮೈಮೇಲೆಲ್ಲ ಕೆಂಪು ಧೂಳು, ರೆಪ್ಪೆಯ ಮೇಲೂ ಧೂಳು. ಇಲ್ಲೇ ಒಂದು ಮನೆ ಮಾಡಿ ಅಕ್ಕನನ್ನು ಕರೆದುಕೊಂಡು ಬಂದರೆ ಅವ್ವ ಇಲ್ಲಿಗೇ ಬರಬಹುದಲ್ಲ ಅಂದೆ. "ಕ್ವಾಟ್ರಸ್ ಪರ್ಮನೆಂಟ್ ಮಂದಿಗೆ ಕೊಡ್ತಾರ. ನಾ ಲೋಡಿಂಗ್ ಮಾಡಾವ. ಶೆಡ್ಡಿನ್ಯಾಗ ಗಂಡಸರೇ ಗುದ್ದಾಡಿಕೊಂಡು ಮಲಗ್ತೀವಿ, ಆಕಿನ್ನ ಎಲ್ಲಿ ಇಡ್ಲಿ?" ಅಂದರು. ಆಮೇಲೆ ತಲೆ ತಗ್ಗಿಸಿ, "ಆಕಿ ಈಗ ಒಬ್ಬಾಕಿ ಅಲ್ಲ. ಪಂಚಮಿ ಹೊತ್ತಿಗೆ ಐದು ತುಂಬತೈತಿ" ಅಂದರು. ಚಹಾದ ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿದ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಇದನ್ನು ನಾನು ಯಾರಿಗೂ ವಿವರಿಸಬೇಕಾಗಿಲ್ಲ. ಅವ್ವ ಅವತ್ತಿನಿಂದ ಅಪ್ಪನ ಹತ್ತಿರ ಬೇರೆ ಮಾತೇ ಆಡಲಿಲ್ಲ. ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. "ಎಲಿ ಅಡಿಕಿ ತಗೊಂಡು ಹೋಗ್ರಿ." ಒಂದು ಮುಂಜಾನೆ ಅಪ್ಪ ಎದ್ದು, ಧೋತರ ಉಟ್ಟು, ಎಲೆಅಡಿಕೆಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಹೋದೆ. ಕಾಲುವೆಯ ಸೇತುವೆಯ ತನಕ ಹೋಗಿ ನಿಂತರು. ನೀರು ನೋಡುತ್ತಾ ನಿಂತರು. ಆಮೇಲೆ ಹಿಂದಿರುಗಿ ನನ್ನ ಮುಖ ನೋಡದೆ, "ನಾ ಹೋದ್ರ ಊರು ಸೋತಂಗ ಆತು ಲೇ. ಸೋತವರ ತೂಬಿನ ಬೀಗ ಹಗಲೂ ತೆಗೆಯೋದು ಬ್ಯಾಡ ಅಂತಾರ ಅವರು. ನಮ್ಮ ಹುಡುಗರು ಸುಮ್ಮನ ಇರಂಗಿಲ್ಲ, ಮತ್ತ ಗುದ್ದಲಿ ತೆಗೀತಾರ. ಮನಷ್ಯಾ ಸಾಯ್ತಾನ ಈ ಸಲ" ಅಂದರು. ಅವರು ಹೇಳಿದ್ದು ನಿಜವೇ ಇತ್ತು. ಅದು ನಿಜ ಅನ್ನುವುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಆಗ ನನ್ನ ವಿದ್ಯೆ ತೆಗೆದೆ. ಯಾರೂ ಮೊದಲಾಗದಂತೆ ಇಬ್ಬರೂ ಒಟ್ಟಿಗೆ ಹೆಜ್ಜೆ ಇಡುವ ಉಪಾಯವನ್ನು ಓದಿದ್ದೆ. ದೇಶದೇಶಗಳ ನಡುವೆ ಹೀಗೆ ಮಾಡುತ್ತಾರಂತೆ. ಎರಡೂ ಊರಿಗೆ ಹೋಗಿ ಬಂದು, ಹೋಗಿ ಬಂದು, ನನ್ನ ಸೈಕಲ್ಲಿನ ಚೈನು ಸವೆಯಿತು. ಕೊನೆಗೆ ಎರಡೂ ಕಡೆ ಒಪ್ಪಿದರು. ಪಂಚಮಿಯ ಹಿಂದಿನ ಸೋಮವಾರ, ನಮ್ಮೂರಿನ ಮಿಲ್ಲಿನ ಬೆಳಗಿನ ಸೈರನ್ನು ಕೂಗಿದಾಗ ಎರಡೂ ಊರಿನ ಹಿರಿಯರು ತಂತಮ್ಮ ಊರ ಬಾಗಿಲು ಬಿಡುವುದು, ಇಬ್ಬರ ಕೈಯಲ್ಲೂ ಎಲೆಅಡಿಕೆ, ಹನುಮಪ್ಪನ ಕಟ್ಟೆಯ ಮೇಲೆ ಒಟ್ಟಿಗೆ ಕೊಟ್ಟು ತೆಗೆದುಕೊಳ್ಳುವುದು. ಅಪ್ಪ ಕೂಡ ತಲೆದೂಗಿ, "ಭೇಷ್ ಲೇ ತಮ್ಮಾ" ಅಂದರು. ಅವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ಅವ್ವ ಮತ್ತೆ ಎಳ್ಳು ಹುರಿದಳು. ಚಕ್ಕಡಿಗೆ ಜಮಖಾನ ಹಾಸಿದಳು, ಬಸುರಿ ಹೆಂಗಸಿಗೆ ಕುಲುಕಾಡಬಾರದೆಂದು ಅದರ ಕೆಳಗೆ ಹುಲ್ಲು ತುಂಬಿಸಿದಳು.

ಸೈರನ್ನು ಕೂಗಿತು. ಎರಡೂ ಕಡೆಯವರು ಬಂದರು. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಎಲ್ಲರ ಮುಖದಲ್ಲೂ ನಗು. ಬಂದು ಕಟ್ಟೆಯಿಂದ ಒಂದು ಮಾರು ಆಚೆ ನಿಂತರು, ಇವರು ಈ ಕಡೆ, ಅವರು ಆ ಕಡೆ.

"ಕಟ್ಟಿ ಹತ್ತರಿ ಯಜಮಾನ್ರ, ತಾವು ದೊಡ್ಡವರು" ಅಂದರು ಬಿಳಿ ಮೀಸೆಯವರು.

"ಏ ಎಲ್ಲ್ಯಾರ ಉಂಟೇನ್ರಿ, ವಯಸ್ಸಿನ್ಯಾಗ ತಾವು ದೊಡ್ಡವರು. ತಾವು ಹತ್ತರಿ" ಅಂದರು ಅಪ್ಪ.

ಮೊದಲು ಹತ್ತಿದವನು ಕಟ್ಟೆಯ ಮೇಲೆ ಕಾಯಬೇಕು, ಕಾಯುವವನು ಬೇಡುವವನು. ಅದು ಸಾಲದೆಂದು ಆ ಕಟ್ಟೆಗೆ ಮೆಟ್ಟಿಲು ಇದ್ದದ್ದು ಒಂದೇ ಕಡೆ, ನಮ್ಮೂರಿನ ಕಡೆ. ಅವರು ಸುತ್ತಿ ನಮ್ಮ ಕಡೆ ಬಂದರೆ ನಮ್ಮ ಹತ್ತಿರ ಬಂದ ಹಾಗೆ. ಈ ಕಟ್ಟೆಯ ಮೇಲೆ ಆಡಿ ಬೆಳೆದವನು ನಾನು, ಮೆಟ್ಟಿಲು ಎಲ್ಲಿದೆ ಎಂದು ಯೋಚಿಸಿಯೇ ಇರಲಿಲ್ಲ. ಕಟ್ಟೆ ಬೇಡ, ನೆಲದ ಮೇಲೆ ಕೂರೋಣ ಅಂದೆ. ನೆಲದ ಮೇಲೆ ಮಾಡಿದ ರಾಜಿ ನಿಲ್ಲುತ್ತದೆಯೇ ಅಂದರು. ಒಂದು ಎರಡು ಮೂರು ಅನ್ನುತ್ತೇನೆ, ಇಬ್ಬರೂ ಒಟ್ಟಿಗೆ ಕಾಲಿಡಿ ಅಂದೆ. "ಸಾಲಿ ಹುಡುಗರೇನಲೇ ನಾವು?" ಎಂದು ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಆ ನಗುವಿನಲ್ಲಿ ದ್ವೇಷ ಒಂದು ಚೂರೂ ಇರಲಿಲ್ಲ. ಹತ್ತರಿ, ಇಲ್ರಿ ತಾವು ಹತ್ತರಿ. ಬಿಸಿಲು ಏರಿತು. ಒಬ್ಬೊಬ್ಬರೇ ಮರದ ನೆರಳಿಗೆ ಸರಿದರು, ಅವರು ಬೇವಿನ ಕೆಳಗೆ, ನಮ್ಮವರು ಹುಣಸೆಯ ಕೆಳಗೆ. ನಡುವೆ ನಾನೊಬ್ಬ ಓಡಾಡಿದೆ. ಕೈಯಲ್ಲಿದ್ದ ಎಲೆ ಬಾಡಿತು. ಮಧ್ಯಾಹ್ನದ ಸೈರನ್ನು ಕೂಗಿದಾಗ ಎಲ್ಲರೂ ಎದ್ದು, ಧೂಳು ಕೊಡವಿಕೊಂಡು, ಒಬ್ಬರಿಗೊಬ್ಬರು ದೂರದಿಂದ ಕೈ ಮುಗಿದು, ಊಟದ ಹೊತ್ತಾಯಿತೆಂದು ಹೊರಟುಹೋದರು.

ನಾನು ಕಟ್ಟೆಯ ಮೇಲೆ ಹತ್ತಿ ನಿಂತು ಬಾಯಿಗೆ ಬಂದದ್ದು ಬೈದೆ. ಅಪ್ಪನನ್ನೂ ಸೇರಿಸಿ ಬೈದೆ. ಕೇಳಿಸಿಕೊಳ್ಳಲು ಹನುಮಪ್ಪ ಒಬ್ಬನೇ ಉಳಿದಿದ್ದ.

ಮನೆಯಲ್ಲಿ ಅವ್ವ ಚಕ್ಕಡಿಯ ಪಕ್ಕದಲ್ಲೇ ನಿಂತಿದ್ದಳು. ಅಪ್ಪನ ಮುಖ ನೋಡಿದಳು, ಬಾಡಿದ ಎಲೆ ನೋಡಿದಳು. ಕೇಳಿದ್ದು ಒಂದೇ ಮಾತು. "ಮಣ್ಣಿಗೆ ತಡಿ ಇಲ್ಲಲ್ಲ?"

"ಇಲ್ಲ" ಅಂದರು ಅಪ್ಪ.

ಅಕ್ಕನಿಗೆ ಗಂಡನ ಮನೆಯಲ್ಲೇ ಹೆರಿಗೆಯಾಯಿತು. ಗಂಡು ಮಗು ಎಂದು ಮಿಲ್ಲಿಗೆ ಬಂದ ಚಕ್ಕಡಿಯವರು ತಮ್ಮತಮ್ಮಲ್ಲೇ ಆಡಿದ ಮಾತಿನಿಂದ ಗೊತ್ತಾಯಿತು. ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನಲ್ಲಿ ಮಾಯದ ಹುಣ್ಣೊಂದು ಇತ್ತು. ಹೊಸಪೇಟೆಯ ಡಾಕ್ಟರ ಹತ್ತಿರ ತಪ್ಪದೆ ಹೋಗುತ್ತಿದ್ದವಳು ಬಿಟ್ಟಳು. ಬಸ್ಸಿನಲ್ಲಿ ಮೈ ನೋಯುತ್ತದೆ ಅಂದಳು, ಸೂಜಿಗೆ ಹೆದರಿಕೆ ಅಂದಳು. ಅಪ್ಪ ಕಾರು ತರಿಸಿದರು, ಹತ್ತಲಿಲ್ಲ. ಡಾಕ್ಟರನ್ನೇ ಕರೆತಂದರು, ಕಾಲು ಸೀರೆಯೊಳಗೆ ಮುಚ್ಚಿಕೊಂಡಳು. ನ್ಯಾಯದ ಕಟ್ಟೆಯ ಮೇಲೆ ದನಿ ಏರಿಸದ ಅಪ್ಪ ಅವತ್ತು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಗೋಗರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಅವ್ವ ಶಾಂತವಾಗೇ ಹೇಳಿದಳು, "ನಿಮ್ಮ ಮಾತು ನೀವು ಉಳಸ್ಕೊಳ್ರಿ. ನನ್ನ ಮಗಳನ್ನ ನಾ ಕರಸ್ಕೊಂತೀನಿ."

ಅಪ್ಪನಿಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಅರ್ಥವಾಗಿ ಏನು ಮಾಡಿದೆವು? ಔಷಧಿ ಪುಡಿ ಮಾಡಿ ಅಂಬಲಿಯಲ್ಲಿ ಕಲಸಿ ಕೊಟ್ಟೆವು, ಅವಳು ಅಂಬಲಿ ಬಿಟ್ಟಳು. ಮುಂದಿನ ಪಂಚಮಿಯ ಹೊತ್ತಿಗೆ ಹೋದಳು.

ಸುದ್ದಿ ಮುಟ್ಟಿದ ಕೂಡಲೇ ಇಡೀ ಕೆಳಗಿನ ಊರೇ ಹೊರಟು ಬಂತು. ಟ್ರ್ಯಾಕ್ಟರಿನಲ್ಲಿ ಬಂದರು, ನಡೆದು ಬಂದರು. ಅಕ್ಕ ಕಂಕುಳಲ್ಲಿ ಕೂಸನ್ನು ಹೊತ್ತು ಇಳಿದಳು. ಎರಡು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿದವಳು ಯಾರನ್ನೂ ನೋಡದೆ ನೆಟ್ಟಗೆ ಒಳಗೆ ಹೋಗಿ, ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಮಡಿಲಲ್ಲಿ ಕೂಸನ್ನು ಕೂರಿಸಿದಳು. "ತಗೋ ಯವ್ವಾ, ನೋಡು" ಅಂದಳು. ಕೂಸು ಅವ್ವನ ಕೊರಳಿನ ಹೂವು ಕಿತ್ತು ಬಾಯಿಗೆ ಹಾಕಿಕೊಂಡಿತು. ಬಿಡಿಸಲು ಯಾರಿಗೂ ಕೈ ಬರಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಎರಡೂರಿನ ಹಿರಿಯರು ನಮ್ಮ ಜಗಲಿಯ ಮೇಲೆ ಒಟ್ಟಿಗೆ ಕೂತರು. ಒಂದೇ ತಟ್ಟೆಯಿಂದ ಎಲೆಅಡಿಕೆ ತೆಗೆದುಕೊಂಡು ಹಾಕಿಕೊಂಡರು. ಸಾವಿನ ಮನೆಯ ಎಲೆಅಡಿಕೆ, ಅದಕ್ಕೆ ಯಾರು ಕೊಟ್ಟರು ಯಾರು ತೆಗೆದುಕೊಂಡರು ಅನ್ನುವುದಿಲ್ಲ. ಬಿಳಿ ಮೀಸೆಯವರು ಅಪ್ಪನ ಬೆನ್ನು ಸವರಿ ಕಣ್ಣೀರು ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ನಿಂತು, "ಇಷ್ಟೂ ಮಂದಿ ಇಲ್ಲೇ ಕುಂತೀರಲ್ರೀ. ತಟ್ಟಿನೂ ಒಂದ ಐತಿ. ಇಲ್ಲೇ, ಈಗ ತೆಗೀರಿ ಅದನ್ನ!" ಎಂದು ಕೂಗಿದೆ.

ಬಿಳಿ ಮೀಸೆಯವರು ಕಣ್ಣು ಒರೆಸಿಕೊಂಡು, "ಸತ್ತವರ ಮನ್ಯಾಗ ನ್ಯಾಯ ಮಾಡಬಾರದು ತಮ್ಮಾ, ತಿಳಿದಾವ ನೀನು" ಅಂದರು. ಅಪ್ಪ ಹೌದೆಂದು ತಲೆ ಅಲ್ಲಾಡಿಸಿದರು. ಎಂಥ ಹೊತ್ತಿನಲ್ಲೂ ಆ ಇಬ್ಬರೂ ಒಂದೇ ಅಭಿಪ್ರಾಯದವರು.

ಅವ್ವನ ದಿನದ ಕಾರ್ಯವೆಲ್ಲ ಮುಗಿಯುವ ತನಕ ಅಕ್ಕ ಇದ್ದಳು. ಅಡುಗೆ ಮನೆ ತೊಳೆದಳು, ಅವ್ವನ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಅವಳಿಗೆಂದು ತರಿಸಿಟ್ಟಿದ್ದ ಹಸಿರು ಸೀರೆ ಸಿಕ್ಕಿತು, ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿತ್ತು. ಅಂಗಳದ ಜೋಕಾಲಿಯ ಹಗ್ಗ ಮಳೆ ಬಿಸಿಲಿಗೆ ಕರ್ರಗಾಗಿ ಇನ್ನೂ ಅಲ್ಲೇ ಇತ್ತು. ಮಗನನ್ನು ಅದರ ಮೇಲೆ ಕೂರಿಸಲು ಹೋದಳು, ಹಗ್ಗ ಕೈಯಲ್ಲೇ ಹರಿದು ಬಂತು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ನನ್ನನ್ನು ನೋಡಿದ ಕೂಡಲೇ ನಿಲ್ಲಿಸಿದಳು.

ಹೊರಡುವ ದಿನ ಬೀಗರ ಟ್ರ್ಯಾಕ್ಟರು ಬಂದು ನಿಂತಿತು. ಮಗಳು ಹೊರಡುವಾಗ ಉಡಿ ತುಂಬಬೇಕಾದ ಅವ್ವ ಇಲ್ಲ. ಪಕ್ಕದ ಮನೆಯ ಕಾಕಿ ಬಂದು ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಅಕ್ಕ ಆ ಹಸಿರು ಸೀರೆಯನ್ನೇ ಉಟ್ಟಿದ್ದಳು. ನನಗೆ, "ಚಲೋ ಓದು ತಮ್ಮಾ" ಅಂದಳು. ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ, ಅವಳು ಯಾವಾಗಲೂ ಹಾಗೇ ಅನ್ನುತ್ತಿದ್ದಳು. ಅಪ್ಪ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದರು. ಅಕ್ಕ ಬಗ್ಗಿ ಅವರ ಪಾದ ಮುಟ್ಟಿದಳು, ಕೂಸಿನ ಕೈಯನ್ನೂ ಹಿಡಿದು ಮುಟ್ಟಿಸಿದಳು. ಎದ್ದು ನಿಂತು, ಸಂತೆಗೆ ಹೋಗಿ ಬರುತ್ತೇನೆ ಅನ್ನುವಷ್ಟು ಸಾದಾ ದನಿಯಲ್ಲಿ, "ಬರ್ತೀನಿ ಅಪ್ಪಾ. ಇನ್ನ ನಿನ್ನ ಮಣ್ಣಿಗೆ ಬರ್ತೀನಿ" ಅಂದಳು.

"ಬಾ ಮಗಳ" ಅಂದರು ಅಪ್ಪ.

ಅಪ್ಪ ಆಮೇಲೆ ಬಹಳ ವರ್ಷ ಬದುಕಿದರು.